ಪಂಚಾಯಿತಿ ಲೆಕ್ಕ ವೆಬ್‌ಸೈಟಿಗೆ ಹಾಕಬೇಕು: ಓಪನ್ ಸೋರ್ಸ್ ಸಾಕಾ, ಕಂಪನಿ ಬೇಕಾ?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ, ಮೊದಲ ಸಲ ಗೆದ್ದು ಬಂದಿದ್ದೇನೆ. ನಮ್ಮ ಜಮಾ-ಖರ್ಚು, ಗ್ರಾಮಸಭೆ ನಡಾವಳಿ, ಕಾಮಗಾರಿ ಪಟ್ಟಿ ಎಲ್ಲವನ್ನೂ ಒಂದು ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಸಾಮಾನ್ಯ ಸಭೆಯಲ್ಲಿ ಹೇಳಿದೆ. ಕಂಪನಿಯೊಂದು ಎರಡೂವರೆ ಲಕ್ಷದ ಕೊಟೇಶನ್ ಕೊಟ್ಟಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರ ಹುಡುಗ, "ಅಕ್ಕಾ, ಓಪನ್ ಸೋರ್ಸ್‌ನಲ್ಲಿ ಪುಕ್ಕಟೆ ಆಗುತ್ತೆ, ದುಡ್ಡು ಕೊಡಬೇಡಿ" ಅನ್ನುತ್ತಾನೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), "ಎಲ್ಲಾ ಸರ್ಕಾರದ ಪಂಚತಂತ್ರ ಪೋರ್ಟಲ್‌ನಲ್ಲಿ ಇದೆಯಲ್ಲ ಮೇಡಂ, ಮತ್ತೆ ಇದ್ಯಾಕೆ?" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರೂ ಸುಳ್ಳು ಹೇಳುತ್ತಿಲ್ಲ ಮೇಡಂ. ಆದರೆ ಮೂವರ ತಲೆಯಲ್ಲೂ ಇರುವುದು ವೆಬ್‌ಸೈಟ್ ಮಾತ್ರ. ನಿಮ್ಮ ಕೆಲಸದಲ್ಲಿ ಸೈಟ್ ಕಟ್ಟುವುದು ತೀರಾ ಸಣ್ಣ ಭಾಗ. ಅದರೊಳಗೆ ಹಾಕುವ ಫೈಲ್ ಹೇಗಿರಬೇಕು? ತಿಂಗಳು ತಿಂಗಳು ಯಾರು ಹಾಕುತ್ತಾರೆ? ಆ ಕಂಪನಿಯೋ ಆ ಹುಡುಗನೋ ನಾಳೆ ಕೈಗೆ ಸಿಗದೇ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇವಕ್ಕೆ. ದುಡ್ಡನ್ನೂ ಇಲ್ಲಿಗೇ ಎತ್ತಿಡಿ.

ಮೊದಲು ಪಿಡಿಒ ಮಾತು ನೋಡೋಣ. ಅವರು ಹೇಳಿದ್ದು ಅರ್ಧ ಸರಿ. ಪಂಚತಂತ್ರ ಇದೆ. ಕೇಂದ್ರದ ಇ-ಗ್ರಾಮ್‌ಸ್ವರಾಜ್ ಇದೆ, 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನ ಶುರುವಾದದ್ದು. ಹಣಕಾಸು ಆಯೋಗದ ದುಡ್ಡಿನ ಯೋಜನೆ, ಪಾವತಿ ಎಲ್ಲ ಅದರಲ್ಲಿ ಸಿಗುತ್ತದೆ. ನರೇಗಾ ಮಸ್ಟರ್ ರೋಲ್‌ಗಳೂ, ಅಂದರೆ ಕೂಲಿಯವರ ಹಾಜರಿ ಪಟ್ಟಿಗಳೂ, ಆನ್‌ಲೈನ್‌ನಲ್ಲಿವೆ. ರಾಜಸ್ಥಾನ 2019ರಲ್ಲಿ ಜನ್ ಸೂಚನಾ ಪೋರ್ಟಲ್ ಮಾಡಿತು, ನಮ್ಮಲ್ಲಿ ಅಂಥದೇ ಮಾಹಿತಿ ಕಣಜ ಪೋರ್ಟಲ್ ಬಂತು. ಇವುಗಳಲ್ಲಿ ಇರುವುದನ್ನು ಮತ್ತೆ ಟೈಪ್ ಮಾಡಿ ಹಾಕುತ್ತಾ ಕೂರಬೇಡಿ. ನಿಮ್ಮ ಪಂಚಾಯಿತಿಯ ಪುಟಕ್ಕೆ ಲಿಂಕ್ ಕೊಟ್ಟರೆ ಸಾಕು.

ಆದರೆ ಆ ಪೋರ್ಟಲ್‌ಗಳು ಇಲಾಖೆಯ ಲೆಕ್ಕಕ್ಕೆ ಹೊಂದಿಕೊಂಡಿವೆ, ಊರಿನವರ ಪ್ರಶ್ನೆಗೆ ಅಲ್ಲ. "ಹೋದ ವರ್ಷ ನಮ್ಮ ಕೇರಿ ಚರಂಡಿಗೆ ಎಷ್ಟು ಖರ್ಚಾಯಿತು, ಯಾರು ಮಾಡಿದರು?" ಅಂತ ಒಬ್ಬರು ಕೇಳಿದರು ಅನ್ನಿ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ, ಯೋಜನೆ ಅಂತ ಒಂದೊಂದೇ ಆರಿಸುತ್ತಾ ಹೋಗಬೇಕು. ಆ ಚರಂಡಿ ಯಾವ ಯೋಜನೆಯ ದುಡ್ಡಿನಲ್ಲಿ ಆಯಿತು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಮುಗಿಯಿತು. ಗ್ರಾಮಸಭೆಯಲ್ಲಿ ಅದಕ್ಕೆ ಯಾರು ಏನು ಹೇಳಿದ್ದರು ಅನ್ನುವುದಂತೂ ನಡಾವಳಿ ಪುಸ್ತಕದಲ್ಲೇ ಉಳಿದಿರುತ್ತದೆ.

ಕಾನೂನು ನಿಮ್ಮ ಕಡೆಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಅಂದ ತಕ್ಷಣ ನಮಗೆ ನೆನಪಾಗುವುದು ಹತ್ತು ರೂಪಾಯಿಯ ಅರ್ಜಿ. ಆದರೆ ಅದರ 4(1)(ಬಿ) ಸೆಕ್ಷನ್ನಿನಲ್ಲಿ 17 ಬಗೆಯ ಮಾಹಿತಿಯ ಪಟ್ಟಿ ಇದೆ. ಯಾರೂ ಕೇಳದಿದ್ದರೂ ಕಚೇರಿ ತಾನಾಗಿಯೇ ಪ್ರಕಟಿಸಬೇಕು. ಬಜೆಟ್, ಖರ್ಚು, ಸಬ್ಸಿಡಿ ಪಡೆದವರ ವಿವರ ಎಲ್ಲ ಅದರಲ್ಲಿ ಬರುತ್ತದೆ. ಜನ ಅರ್ಜಿ ಹಾಕುವ ಪ್ರಮೇಯವೇ ಆದಷ್ಟು ಕಡಿಮೆ ಆಗಬೇಕು ಅಂತ 4(2) ಹೇಳುತ್ತದೆ. ಸ್ಥಳೀಯ ಭಾಷೆ, ಕಡಿಮೆ ಖರ್ಚು, ಆ ಊರಿಗೆ ಒಗ್ಗುವ ದಾರಿ, ಇವನ್ನು ನೋಡಿಕೊಂಡು ತಲುಪಿಸಿ ಅಂತ 4(4) ಹೇಳುತ್ತದೆ. ನೋಟಿಸ್ ಬೋರ್ಡ್, ಡಂಗುರ, ಇಂಟರ್‌ನೆಟ್ ಎಲ್ಲವೂ ಅದಕ್ಕೆ ಸರಿಯೇ. ಈ ಕಾಯ್ದೆಗೆ ಹಾದಿ ಮಾಡಿಕೊಟ್ಟದ್ದೇ ಹಳ್ಳಿಯ ಲೆಕ್ಕ. 1994ರಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನಸುನವಾಯಿ, ಅಂದರೆ ಜನರ ಬಹಿರಂಗ ವಿಚಾರಣೆ, ಶುರು ಮಾಡಿದರು. ಬಿಲ್ಲು, ಮಸ್ಟರ್ ರೋಲ್‌ಗಳನ್ನು ಊರವರ ಎದುರು ಗಟ್ಟಿಯಾಗಿ ಓದಿದರು, ಅಷ್ಟೇ. ಆಗದ ಕೆಲಸದ ಬಿಲ್ಲುಗಳನ್ನು ಕೂತವರೇ ಗುರುತು ಹಿಡಿದರು. ಪಿಡಿಒ ಅವರಿಗೆ ಇಷ್ಟು ಹೇಳಿ, ಆಕ್ಷೇಪ ಬರಲಿಕ್ಕಿಲ್ಲ.

ಇನ್ನು ಹುಡುಗನ ಮಾತು. ಓಪನ್ ಸೋರ್ಸ್ ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ, ಬಳಸಿ, ಬದಲಿಸಬಹುದಾದ ತಂತ್ರಾಂಶ. ಅದು ಪ್ರಯೋಗದ ಮಟ್ಟ ದಾಟಿ ಎಷ್ಟೋ ಕಾಲವಾಯಿತು. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ 2003ರಿಂದ ಇದೆ, ಜಗತ್ತಿನ ಐದು ಸೈಟುಗಳಲ್ಲಿ ಹೆಚ್ಚೂಕಡಿಮೆ ಎರಡು ಅದರಲ್ಲೇ ನಡೆಯುತ್ತವೆ. ಅಮೆರಿಕದ ವೈಟ್ ಹೌಸ್ ಸೈಟ್ 2009ರಲ್ಲಿ ಡ್ರೂಪಲ್ ಅನ್ನುವ ಅಂಥದೇ ತಂತ್ರಾಂಶಕ್ಕೆ ಬಂತು, 2017ರಲ್ಲಿ ವರ್ಡ್‌ಪ್ರೆಸ್‌ಗೆ ಹೋಯಿತು. ಎರಡೂ ಓಪನ್ ಸೋರ್ಸೇ. ನಮ್ಮ ಕೇಂದ್ರ ಸರ್ಕಾರದ ದತ್ತಾಂಶ ತಾಣ ಡೇಟಾ.ಗವ್.ಇನ್ 2012ರಲ್ಲಿ ಶುರುವಾದಾಗ ಡ್ರೂಪಲ್ ಮೇಲೇ ಕಟ್ಟಿದ್ದು. ಅದರ ಹಿಂದಿನ ತಂತ್ರಾಂಶವನ್ನು ನಮ್ಮ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಮತ್ತು ಅಮೆರಿಕ ಸರ್ಕಾರ ಸೇರಿ ಮಾಡಿ, ಬೇರೆ ದೇಶಗಳೂ ಬಳಸಲಿ ಅಂತ ತೆರೆದಿಟ್ಟವು. ಸರ್ಕಾರಿ ಕೆಲಸಕ್ಕೆ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಿ, ಬಿಟ್ಟರೆ ಯಾಕೆ ಬಿಟ್ಟಿರಿ ಅಂತ ಕಾರಣ ಕೊಡಿ ಅನ್ನುವ ನೀತಿಯನ್ನು ಕೇಂದ್ರ 2015ರಲ್ಲೇ ತಂದಿದೆ. ಹಾಗಾಗಿ "ಫ್ರೀ ಸಾಫ್ಟ್‌ವೇರ್ ಮೇಡಂ, ಸೇಫ್ ಅಲ್ಲ" ಅಂತ ಕಂಪನಿಯವರು ಹೆದರಿಸಿದರೆ ನಕ್ಕು ಸುಮ್ಮನಾಗಿ. ಆ ಕೊಟೇಶನ್ ಬಿಚ್ಚಿ ನೋಡಿದರೆ ಅದರೊಳಗೂ ವರ್ಡ್‌ಪ್ರೆಸ್ಸೇ ಇದ್ದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಹಾಗಂತ ಪುಕ್ಕಟೆ ಅನ್ನುವುದು ಪೂರ್ತಿ ನಿಜ ಅಲ್ಲ. ಎಮ್ಮೆ ಪುಕ್ಕಟೆ ಸಿಕ್ಕಿದರೂ ಮೇವು ಹಾಕುವವರು ಬೇಕಲ್ಲ. 2018ರ ಏಪ್ರಿಲ್‌ನಲ್ಲಿ ಒಂದು ತಮಾಷೆ ನಡೆಯಿತು. ದೇಶದ ರಕ್ಷಣಾ ಸಚಿವಾಲಯದ ಸೈಟ್ ತೆರೆದರೆ ಒಂದು ಚೀನೀ ಅಕ್ಷರ ಕಾಣಿಸಿತು. ಚೀನಾದವರು ಹ್ಯಾಕ್ ಮಾಡಿದ್ದಾರೆ ಅಂತ ಟಿವಿಯಲ್ಲೆಲ್ಲ ಗದ್ದಲ. ಆಮೇಲೆ ನೋಡಿದರೆ ಅದು ಡ್ರೂಪಲ್‌ನ 'ಝೆನ್' ಅನ್ನುವ ಥೀಮಿನ (ಸೈಟಿನ ಸಿದ್ಧ ವಿನ್ಯಾಸದ) ಜೊತೆ ಬರುವ ಚಿಹ್ನೆ. ತಾಂತ್ರಿಕ ತೊಂದರೆಯಿಂದ ಸೈಟ್ ಕೆಟ್ಟಿತ್ತು, ಒಳಗಿದ್ದ ಮೂಲ ಚಿಹ್ನೆ ಹೊರಗೆ ಕಂಡಿತ್ತು. ಹ್ಯಾಕ್ ಅಲ್ಲ ಅಂತ ಸರ್ಕಾರವೇ ಹೇಳಿತು. ಆದರೆ ಅದೇ ವರ್ಷ ಮಾರ್ಚ್ ಕೊನೆಯಲ್ಲಿ ಡ್ರೂಪಲ್‌ನಲ್ಲಿ ನಿಜವಾಗಿಯೂ ಒಂದು ದೊಡ್ಡ ತೂತು ಸಿಕ್ಕಿತ್ತು. ತಯಾರಕರು ಸರಿಪಡಿಸಿದ ಆವೃತ್ತಿ ಬಿಟ್ಟರು. ಅಪ್‌ಡೇಟ್ ಮಾಡಿಕೊಂಡವರು ಬಚಾವಾದರು, ಮಾಡದವರ ಸೈಟುಗಳನ್ನು ಕಳ್ಳರು ಹುಡುಕಿಕೊಂಡು ಹೋದರು. ವರ್ಡ್‌ಪ್ರೆಸ್‌ನಲ್ಲೂ ಇಷ್ಟೇ. ತೊಂದರೆ ಬರುವುದು ಹೆಚ್ಚಾಗಿ ಪ್ಲಗಿನ್‌ಗಳಿಂದ, ಅಂದರೆ ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ತುಣುಕುಗಳಿಂದ. ಹಾಗಾಗಿ ಪ್ಲಗಿನ್ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಸ್ಲೈಡ್ ಶೋ, ಓಡುವ ಅಕ್ಷರ, ಭೇಟಿ ಕೊಟ್ಟವರ ಸಂಖ್ಯೆ ತೋರಿಸುವ ಮೀಟರ್ ಯಾವುದೂ ಬೇಡ. ಹಳೇ ಮೊಬೈಲಿನಲ್ಲಿ, ಸಿಗ್ನಲ್ ಸರಿಯಾಗಿ ಸಿಗದ ಕಡೆ ಪುಟ ತೆರೆದುಕೊಂಡರೆ ಸಾಕು.

ನಿಮ್ಮ ಹುಡುಗ ಇನ್ನೂ ಮುಂದೆ ಹೋಗಿ "ವರ್ಡ್‌ಪ್ರೆಸ್ ಯಾಕೆ, ಹ್ಯೂಗೋದಲ್ಲಿ ಸ್ಟ್ಯಾಟಿಕ್ ಸೈಟ್ ಮಾಡಿ ಗಿಟ್‌ಹಬ್‌ನಲ್ಲಿ ಇಡೋಣ" ಅನ್ನಬಹುದು. ಅಂದರೆ ಹ್ಯೂಗೋ ಅನ್ನುವ ತಂತ್ರಾಂಶದಲ್ಲಿ ಪುಟಗಳನ್ನು ಮೊದಲೇ ಸಿದ್ಧ ಮಾಡಿ, ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಇಡುವುದು. ತಂತ್ರಜ್ಞಾನದ ದೃಷ್ಟಿಯಿಂದ ಅದು ಇನ್ನೂ ಗಟ್ಟಿ. ಡೇಟಾಬೇಸ್ ಇಲ್ಲ, ಹ್ಯಾಕ್ ಮಾಡಲು ಜಾಗವೂ ಕಡಿಮೆ, ಯಾವ ದಿನ ಯಾರು ಏನು ಬದಲಿಸಿದರು ಅನ್ನುವುದೂ ದಾಖಲಾಗುತ್ತದೆ. ವಾಷಿಂಗ್ಟನ್ ಡಿ.ಸಿ. ನಗರ ತನ್ನ ಕಾನೂನುಗಳನ್ನೇ ಗಿಟ್‌ಹಬ್‌ನಲ್ಲಿ ಇಟ್ಟಿದೆ. 2018ರಲ್ಲಿ ಒಬ್ಬ ನಾಗರಿಕರು ಅದರಲ್ಲಿದ್ದ ಅಕ್ಷರದೋಷ ತಿದ್ದಿ ಕಳಿಸಿದರು, ನಗರ ಒಪ್ಪಿಕೊಂಡಿತು. ಆದರೆ ನಿಮ್ಮ ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್ ಒಬ್ಬರೇ ಕೂತು ಅದನ್ನು ನಡೆಸಬಲ್ಲರಾ? ಹುಡುಗನಿಗೆ ಫೋನ್ ಮಾಡದೆ ಒಂದು ಪುಟ ಹಾಕಲು ಆಗುವುದಿಲ್ಲ ಅಂದರೆ ಆ ಸೈಟ್ ಆರು ತಿಂಗಳಿಗೆ ನಿಲ್ಲುತ್ತದೆ. ನನ್ನ ಓಟು ಸಾದಾ ವರ್ಡ್‌ಪ್ರೆಸ್‌ಗೆ.

ಈಗ ಮುಖ್ಯ ವಿಷಯ, ಫೈಲು.

ನಮ್ಮ ಸರ್ಕಾರಿ ಸೈಟುಗಳಲ್ಲಿ ಕನ್ನಡ ಪಿಡಿಎಫ್ ರಾಶಿ ರಾಶಿ ಇವೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ. ಒಂದರಲ್ಲಿ 'ಕನ್ನಡ' ಅನ್ನುವ ಪದ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ಇಂಗ್ಲಿಷಿನ ಪಿ, ಪೌಂಡ್ ಗುರುತು, ತಲೆ ಮೇಲೆ ಗೆರೆ ಇರುವ ಎ, ಕೊನೆಯಲ್ಲೊಂದು ಕ್ಯೂ ಬಂದರೆ ಅದು ಹಳೇ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿ ತೋರಿಸುತ್ತದೆ, ಅಷ್ಟೇ. ಕಂಪ್ಯೂಟರ್ ಪಾಲಿಗೆ ಆ ಕಡತದಲ್ಲಿ ಒಂದೂ ಕನ್ನಡ ಅಕ್ಷರ ಇಲ್ಲ. ಗೂಗಲ್‌ನಲ್ಲಿ ಊರ ಹೆಸರು ಹುಡುಕಿದರೆ ಅದು ಸಿಗುವುದಿಲ್ಲ. ಕಣ್ಣು ಕಾಣದವರು ಬಳಸುವ ಎನ್‌ವಿಡಿಎ ಅನ್ನುವ ಓದುವ ತಂತ್ರಾಂಶ ಇದೆ, ಅದೂ ಓಪನ್ ಸೋರ್ಸ್, ಕನ್ನಡವನ್ನೂ ಓದುತ್ತದೆ. ಅದಕ್ಕೂ ಇಂಥ ಕಡತ ಬರೀ ಗೋಜಲು. ಆದ್ದರಿಂದ ನಿಮ್ಮ ಮೊದಲ ಠರಾವು ಇದೇ ಇರಲಿ: ಪಂಚಾಯಿತಿಯಲ್ಲಿ ಇನ್ನು ಮುಂದೆ ಟೈಪ್ ಮಾಡುವುದೆಲ್ಲ ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಕನ್ನಡವನ್ನು ಕನ್ನಡ ಅಂತಲೇ ಗುರುತಿಸುವ ಪದ್ಧತಿಯಲ್ಲಿ. ನುಡಿಯಲ್ಲೇ ಆ ಆಯ್ಕೆ ಇದೆ, ಹೊಸ ತಂತ್ರಾಂಶ ಕೊಳ್ಳುವುದು ಬೇಡ. ಕೀಲಿಮಣೆ ವಿನ್ಯಾಸವೂ ಬದಲಾಗದು, ಆಪರೇಟರ್ ಬೆರಳಿಗೆ ಅಭ್ಯಾಸ ಇರುವುದೇ ಮುಂದುವರಿಯುತ್ತದೆ. ಹಳೇ ಕಡತಗಳಿಗೆ ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ಮಾತ್ರ ಒಮ್ಮೆ ಕಣ್ಣಾಡಿಸಿ.

ಪ್ರಿಂಟ್ ತೆಗೆದು, ಸಹಿ ಸೀಲು ಹಾಕಿ, ಸ್ಕ್ಯಾನ್ ಮಾಡಿ ಹಾಕುವ ಅಭ್ಯಾಸ ಇನ್ನೊಂದು. ಸಹಿ ಇರುವ ಪ್ರತಿ ಬೇಕು, ಒಪ್ಪಿದೆ. ಅದರ ಪಕ್ಕದಲ್ಲೇ ಟೈಪ್ ಮಾಡಿದ ಮೂಲ ಫೈಲನ್ನೂ ಹಾಕಿ. ಮೂಲ ಕಳೆದುಹೋದ ಹಳೇ ಮುದ್ರಿತ ಕಾಗದಗಳಿಗೆ ಟೆಸರಾಕ್ಟ್ ಇದೆ. ಚಿತ್ರದಿಂದ ಅಕ್ಷರ ಓದುವ ಓಪನ್ ಸೋರ್ಸ್ ತಂತ್ರಾಂಶ, ಕನ್ನಡವೂ ಬರುತ್ತದೆ, ಅಚ್ಚು ಸ್ಪಷ್ಟವಾಗಿದ್ದರೆ ಚೆನ್ನಾಗಿಯೇ ಓದುತ್ತದೆ. ಕೈಬರಹದ ನಡಾವಳಿ ಪುಸ್ತಕಕ್ಕೆ ಅದನ್ನು ನಂಬಿ ಕೂರಬೇಡಿ. ಪುಟಗಳ ಫೋಟೋ ಹಾಕಿ, ಜೊತೆಗೆ ಠರಾವುಗಳನ್ನು ಮಾತ್ರ ಒಂದೊಂದು ಸಾಲಿನಲ್ಲಿ ಟೈಪ್ ಮಾಡಿಸಿ.

ಲೆಕ್ಕದ ಪಟ್ಟಿಗಳು ಪಿಡಿಎಫ್ ಆಗಬಾರದು. ಎಕ್ಸೆಲ್ ಆಗಲಿ, ಇನ್ನೂ ಒಳ್ಳೆಯದು ಸಿಎಸ್‌ವಿ, ಅಂದರೆ ಯಾವ ತಂತ್ರಾಂಶದಲ್ಲೂ ತೆರೆಯುವ ಸಾದಾ ಪಟ್ಟಿಯ ಫೈಲು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಸರ್ಕಾರಿ ದತ್ತಾಂಶಕ್ಕೆ ನಕ್ಷತ್ರ ಕೊಡುವ ಒಂದು ಪದ್ಧತಿ ಹೇಳಿದ್ದಾರೆ. ಮುಕ್ತ ಪರವಾನಗಿಯಲ್ಲಿ ಯಾವುದೇ ರೂಪದಲ್ಲಿ ಹಾಕಿದರೂ ಒಂದು ನಕ್ಷತ್ರ, ಎಕ್ಸೆಲ್‌ಗೆ ಎರಡು, ಸಿಎಸ್‌ವಿಗೆ ಮೂರು. ಮುಂದಿನ ಎರಡು ನಿಮಗೆ ಸದ್ಯಕ್ಕೆ ಬೇಡ. ಮೂರು ಬಂದರೆ ಎಷ್ಟೋ ದೊಡ್ಡ ಇಲಾಖೆಗಳಿಗಿಂತ ನೀವು ಮುಂದೆ.

ಖರ್ಚಿನ ಪಟ್ಟಿಗೆ ಏಳು ಕಾಲಂ ಸಾಕು: ದಿನಾಂಕ, ಓಚರ್ ಸಂಖ್ಯೆ, ಕಾಮಗಾರಿ, ಊರು ಮತ್ತು ವಾರ್ಡ್, ಯೋಜನೆ, ಯಾರಿಗೆ, ಮೊತ್ತ. ಕೇಳಲು ಸುಲಭ. ಕೆಡುವುದು ಎಲ್ಲಿ ಅಂತ ಹೇಳುತ್ತೇನೆ. ಮೊತ್ತದ ಕಾಲಂನಲ್ಲಿ 'ರೂ. 1,25,000/-' ಅಂತ ಹೊಡೆದರೆ ಕಂಪ್ಯೂಟರ್‌ಗೆ ಅದು ಸಂಖ್ಯೆ ಅಲ್ಲ, ಪದ. ಕೂಡಿಸಲು ಹೋದರೆ ಸೊನ್ನೆ ಬರುತ್ತದೆ. ಬರೀ 125000 ಅಂತ ಹಾಕಬೇಕು. ಕನ್ನಡ ಅಂಕಿ ಹಾಕಿದರೂ ಇದೇ ಗತಿ. ನೋಟಿಸ್ ಬೋರ್ಡಿನ ಪ್ರತಿಯಲ್ಲಿ ಕನ್ನಡ ಅಂಕಿ ಧಾರಾಳವಾಗಿ ಇರಲಿ, ಫೈಲಿನಲ್ಲಿ ಬೇಡ. 'ಸರ್ವೆ ನಂ.' ಅಂತ ಒಂದು ಕಾಲಂ ಇಟ್ಟು ಅದರಲ್ಲಿ 12/3 ಅಂತ ಹೊಡೆದರೆ ಎಕ್ಸೆಲ್ ಸದ್ದಿಲ್ಲದೆ ಅದನ್ನು ಮಾರ್ಚ್ 12 ಮಾಡಿಬಿಡುತ್ತದೆ. 145/2 ಮಾತ್ರ ಹಾಗೇ ಉಳಿಯುತ್ತದೆ. ಒಂದೇ ಕಾಲಂನಲ್ಲಿ ಅರ್ಧ ಜಮೀನು, ಅರ್ಧ ಕ್ಯಾಲೆಂಡರ್! ಟೈಪ್ ಮಾಡುವ ಮೊದಲೇ ಆ ಕಾಲಂನ ಫಾರ್ಮ್ಯಾಟ್ 'ಟೆಕ್ಸ್ಟ್' ಮಾಡಿದರೆ ತಪ್ಪುತ್ತದೆ. ನಮ್ಮವರಿಗಷ್ಟೇ ಈ ಗೋಳು ಅಂದುಕೊಳ್ಳಬೇಡಿ. ಎಕ್ಸೆಲ್ ಮಾರ್ಚ್, ಸೆಪ್ಟೆಂಬರ್ ಅಂತ ತಿರುಚುತ್ತಿದ್ದ ಕಾರಣಕ್ಕೆ ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ವಿಜ್ಞಾನಿಗಳು ಬದಲಿಸಬೇಕಾಯಿತು, 2020ರಲ್ಲಿ ಅದು ಸುದ್ದಿಯೂ ಆಗಿತ್ತು.

ಉಳಿಸುವಾಗ ಇನ್ನೊಂದು ಗುಂಡಿ. ಎಕ್ಸೆಲ್‌ನಲ್ಲಿ ಸುಮ್ನೆ 'ಸಿಎಸ್‌ವಿ' ಅಂತ ಆರಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತವೆ. ಫೈಲ್ ಮುಚ್ಚಿದ ಮೇಲೆ ವಾಪಸ್ ತರಲು ಆಗುವುದಿಲ್ಲ. ಪಟ್ಟಿಯಲ್ಲಿ 'ಸಿಎಸ್‌ವಿ ಯುಟಿಎಫ್-8' ಅಂತ ಬೇರೆ ಆಯ್ಕೆ ಇರುತ್ತದೆ, ಅದನ್ನೇ ಆರಿಸಬೇಕು. ಲಿಬ್ರೆಆಫೀಸ್ ಬಳಸಿದರೆ ಅದು ತೆರೆಯುವಾಗ, ಉಳಿಸುವಾಗ ಅಕ್ಷರಗಳಿಗೆ ಯಾವ ಪದ್ಧತಿ (ಯುಟಿಎಫ್-8 ಥರದ್ದು) ಅಂತ ಕೇಳುತ್ತದೆ. ನನಗೆ ಅದೇ ಇಷ್ಟ, ಪುಕ್ಕಟೆಯೂ ಹೌದು. ಮಧ್ಯದಲ್ಲಿ ಒಟ್ಟು ಮೊತ್ತದ ಸಾಲು ಬೇಡ, ಎರಡು ಸೆಲ್ (ಪಟ್ಟಿಯ ಚೌಕ) ಸೇರಿಸಿ ಒಂದು ಮಾಡುವುದು ಬೇಡ, ಬಣ್ಣದಲ್ಲಿ ಅರ್ಥ ಇಡುವುದು ಬೇಡ. ಊರ ಹೆಸರು ಒಂದೇ ಥರ ಬರೆಸಿ. 'ಹೊಸಹಳ್ಳಿ', 'ಹೊಸ ಹಳ್ಳಿ', 'ಹೊಸಳ್ಳಿ' ಕಂಪ್ಯೂಟರ್‌ಗೆ ಮೂರು ಊರು. ಈಗಾಗಲೇ ಹಾಗೆ ಆಗಿದ್ದರೆ ಓಪನ್‌ರಿಫೈನ್ ಅನ್ನುವ ತಂತ್ರಾಂಶ ಒಂದೇ ಥರ ಕಾಣುವ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ. ಈ ಕೆಲಸ ಮಾತ್ರ ನಿಮ್ಮ ಹುಡುಗನಿಗೆ ಬಿಡಿ, ರಜೆಗೆ ಬಂದಾಗ ಕೂತು ಮಾಡಲಿ.

ಇಷ್ಟೆಲ್ಲ ಯಾಕೆ ಅಂದರೆ, ಪಟ್ಟಿ ನೋಡುವವರು ಅದನ್ನು ತಾವೇ ಕೂಡಿಸಿ, ವಾರ್ಡ್ ಪ್ರಕಾರ ಬೇರ್ಪಡಿಸಿ, ಹೋದ ವರ್ಷದ ಜೊತೆ ಹೋಲಿಸಿ ನೋಡುವಂತಿರಬೇಕು. ಪಾರದರ್ಶಕತೆ ಅನ್ನುವುದು ಅಲ್ಲಿ ಶುರುವಾಗುತ್ತದೆ. ಪುಟದ ಕೆಳಗೆ, ಮೂಲ ಹೇಳಿ ಯಾರು ಬೇಕಾದರೂ ಬಳಸಿಕೊಳ್ಳಬಹುದು ಅಂತ ಒಂದು ಸಾಲು ಹಾಕಿ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಮುಕ್ತ ದತ್ತಾಂಶ ಪರವಾನಗಿಯ ಧಾಟಿಯೂ ಅದೇ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. 2017ರ ಮೇ ತಿಂಗಳಲ್ಲಿ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಒಂದು ವರದಿ ಬಿಟ್ಟಿತು. ಬೆಂಗಳೂರಿನಲ್ಲೂ ಕಚೇರಿ ಇರುವ ಸಂಸ್ಥೆ ಅದು. ನಾಲ್ಕು ಸರ್ಕಾರಿ ಪೋರ್ಟಲ್‌ಗಳಲ್ಲಿ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಯಾರು ಬೇಕಾದರೂ ನೋಡುವಂತೆ ಬಿದ್ದಿದ್ದವು ಅಂತ ಅದರಲ್ಲಿತ್ತು. ಪಿಂಚಣಿ, ನರೇಗಾ ಫಲಾನುಭವಿಗಳ ಪಟ್ಟಿಗಳು ಅವು. ಯಾರೂ ಕದ್ದಿರಲಿಲ್ಲ, ಸರ್ಕಾರಿ ಸೈಟುಗಳೇ ತೋರಿಸುತ್ತಿದ್ದವು. ಆಧಾರ್ ಸಂಖ್ಯೆ ಬಹಿರಂಗ ಮಾಡುವುದನ್ನು ಕಾಯ್ದೆಯೇ ತಡೆಯುತ್ತದೆ. ಮನೆ, ಪಿಂಚಣಿ, ಕೂಲಿ ಯಾವ ಪಟ್ಟಿಯೇ ಇರಲಿ, ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್, ಜನ್ಮ ದಿನಾಂಕ ಇರಬಾರದು. ಯಾವ ಹೆಸರು ಹಾಕಬಹುದು, ಯಾವುದು ಬೇಡ ಅನ್ನುವುದನ್ನು ಪಿಡಿಒ ಮೂಲಕ ತಾಲ್ಲೂಕು ಪಂಚಾಯಿತಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಸೆಕ್ಷನ್ನಿಗೂ, ಅಂದರೆ ವೈಯಕ್ತಿಕ ಮಾಹಿತಿ ಕೊಡದಿರಲು ಅವಕಾಶ ಕೊಡುವ ಸೆಕ್ಷನ್ನಿಗೂ, ಕೈ ಹಾಕಿದೆ. ಅದನ್ನೇ ನೆಪ ಮಾಡಿಕೊಂಡು ಗುತ್ತಿಗೆದಾರರ ಹೆಸರು, ಬಿಲ್ ಮೊತ್ತ ಮುಚ್ಚಿಡುವ ಮಾತು ಬಂದರೆ ಒಪ್ಪಬೇಡಿ. ಸಾರ್ವಜನಿಕ ದುಡ್ಡು ಯಾರಿಗೆ ಹೋಯಿತು ಅನ್ನುವುದು ಯಾರದೋ ಮನೆಯ ಗುಟ್ಟಲ್ಲ.

ತೆಗೆಯುವುದರಲ್ಲೂ ಒಂದು ಕ್ರಮ ಇದೆ. ಎಕ್ಸೆಲ್‌ನಲ್ಲಿ ಕಾಲಂ 'ಹೈಡ್' ಮಾಡಿದರೆ ಅದು ಫೈಲಿನಲ್ಲೇ ಕೂತಿರುತ್ತದೆ, ಯಾರು ಬೇಕಾದರೂ ಬಿಚ್ಚಬಹುದು. ಪಿಡಿಎಫ್‌ನಲ್ಲಿ ನಂಬರ್ ಮೇಲೆ ಕಪ್ಪು ಪಟ್ಟಿ ಎಳೆದರೂ ಅಷ್ಟೇ, ಕಾಪಿ ಮಾಡಿದರೆ ಅಡಿಯಲ್ಲಿರುವುದು ಬರುತ್ತದೆ. ಕಾಲಂ ಅಳಿಸಿ, ಬೇರೆ ಹೆಸರಿನಲ್ಲಿ ಉಳಿಸಿ, ಆ ಪ್ರತಿಯನ್ನು ಹಾಕಬೇಕು.

ದೊಡ್ಡ ದೊಡ್ಡ ಹೆಸರು ಹೇಳಿ ಯಾರಾದರೂ ಆಸೆ ಹುಟ್ಟಿಸಿದರೆ ಮರುಳಾಗಬೇಡಿ. ಸಿಕೆಎಎನ್ ಅಂತ ಒಂದು ಓಪನ್ ಸೋರ್ಸ್ ದತ್ತಾಂಶ ಕಣಜ ಇದೆ, ಬ್ರಿಟನ್ ಸರ್ಕಾರದ ದತ್ತಾಂಶ ತಾಣ 2010ರಿಂದ ಅದರ ಮೇಲಿದೆ. ಬೆಂಗಳೂರಿನ ಓಪನ್‌ಸಿಟಿಯೂ ಅದನ್ನೇ ಬಳಸುತ್ತದೆ. ನೂರಾರು ಕಡತ ಇರುವವರಿಗೆ ಅದು ಸರಿ, ನಿಮಗೆ ಹೊರೆ. ಅಲವೆಟೆಲಿ ಅಂತ ಇನ್ನೊಂದು ಇದೆ. ನಾಗರಿಕರು ಮಾಹಿತಿ ಅರ್ಜಿಯನ್ನು ಸೈಟಿನಲ್ಲೇ ಹಾಕಿ, ಬಂದ ಉತ್ತರವನ್ನು ಎಲ್ಲರೂ ನೋಡುವ ವ್ಯವಸ್ಥೆ. ಬ್ರಿಟನ್ನಿನ ಮೈಸೊಸೈಟಿ ಸಂಸ್ಥೆಯವರು ಮಾಡಿದ್ದು, ಹಲವು ದೇಶಗಳಲ್ಲಿ ನಡೆಯುತ್ತಿದೆ. ಅಲವೆಟೆಲಿ ಅನ್ನುವುದು ಫಿನ್‌ಲೆಂಡಿನ ಒಂದು ಹಳ್ಳಿಯ ಹೆಸರು. ಜಗತ್ತಿನ ಮೊದಲ ಮಾಹಿತಿ ಹಕ್ಕು ಕಾನೂನು, 1766ರ ಸ್ವೀಡನ್ನಿನದು, ಅದಕ್ಕೆ ಹೋರಾಡಿದ ಪಾದ್ರಿ ಆಂಡರ್ಸ್ ಶಿಡೇನಿಯಸ್ ಆ ಹಳ್ಳಿಯಲ್ಲಿ ಕೆಲಸ ಮಾಡಿದ್ದರು. ಸೊಗಸಾದ ಕೆಲಸ. ಆದರೆ ಅದನ್ನು ಪಂಚಾಯಿತಿ ನಡೆಸುವುದಲ್ಲ, ನಾಗರಿಕ ಸಂಘಟನೆಗಳು ನಡೆಸಬೇಕು.

ಇನ್ನು ಕೊಟೇಶನ್. ಕೆಲವು ಮಾತು ಬರವಣಿಗೆಯಲ್ಲಿ ಬರಲಿ. ಡೊಮೈನ್ (ಸೈಟಿನ ವಿಳಾಸ) ಪಂಚಾಯಿತಿ ಹೆಸರಿನಲ್ಲಿರಬೇಕು, ಆದಷ್ಟೂ ಗವ್.ಇನ್. ಕಂಪನಿ ತನ್ನ ಹೆಸರಿನಲ್ಲಿ ಕೊಂಡರೆ, ನವೀಕರಣ ತಪ್ಪಿದ ದಿನ ಯಾರೋ ಅದನ್ನು ಎತ್ತಿಕೊಂಡು ಜೂಜಿನ ಜಾಹೀರಾತು ಹಾಕುತ್ತಾರೆ. ಹೀಗೆ ಆಗುವುದು ಅಪರೂಪವೇನಲ್ಲ. ಅಡ್ಮಿನ್ ಪಾಸ್‌ವರ್ಡ್, ಹೋಸ್ಟಿಂಗ್ ಖಾತೆ ಪಿಡಿಒ ಹುದ್ದೆಯ ಇಮೇಲ್‌ಗೆ ಬರಬೇಕು, ಯಾರ ಸ್ವಂತ ಜಿಮೇಲ್‌ಗೂ ಅಲ್ಲ. ಥೀಮು, ಕೋಡು, ಡೇಟಾಬೇಸಿನ ಪೂರ್ತಿ ಪ್ರತಿ ಮೂರು ತಿಂಗಳಿಗೊಮ್ಮೆ ಪಂಚಾಯಿತಿಗೆ ಕೊಡಬೇಕು. ಅಪ್‌ಡೇಟ್ ಯಾರು, ಎಷ್ಟು ದಿನಕ್ಕೊಮ್ಮೆ ಮಾಡುತ್ತಾರೆ ಅಂತ ಇರಬೇಕು. ಫೈಲಿನ ವಿಳಾಸ ಒಮ್ಮೆ ಕೊಟ್ಟ ಮೇಲೆ ಬದಲಾಗಬಾರದು, ವಿನ್ಯಾಸ ಬದಲಿಸಿದರೂ ಹಳೇ ಲಿಂಕ್ ತೆರೆಯಬೇಕು. ಪ್ರತಿ ಸಲ ಹೊಸ ಪುಟ ಹಾಕಿದ ಮೇಲೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ವಿಳಾಸ ಕೊಟ್ಟು ಉಳಿಸಿಡಿ, ಪುಕ್ಕಟೆ. ಮುಂದೆ ಯಾರಾದರೂ "ಆಮೇಲೆ ಅಂಕಿ ತಿದ್ದಿದ್ದೀರಿ" ಅಂದರೆ ತೋರಿಸಲು ಬೇರೆಯವರ ಹತ್ತಿರ ದಿನಾಂಕ ಸಮೇತ ಪ್ರತಿ ಇರುತ್ತದೆ.

ಈ ಷರತ್ತುಗಳಿಗೆ ಕಂಪನಿ ಒಪ್ಪಿ, ರೇಟನ್ನೂ ಇಳಿಸಿದರೆ ಅವರಿಗೇ ಕೊಡಿ, ತಪ್ಪೇನಿಲ್ಲ. ಒಪ್ಪದಿದ್ದರೆ ಹುಡುಗನಿಂದ ಶುರು ಮಾಡಿಸಿ, ಷರತ್ತುಗಳು ಅವನಿಗೂ ಇವೇ. ಆಪರೇಟರ್‌ಗೆ ತಿಂಗಳಲ್ಲಿ ಒಂದು ದಿನ ಈ ಕೆಲಸಕ್ಕೇ ಮೀಸಲು ಅಂತ ಠರಾವು ಮಾಡಿ, ಬೇರೆ ಕೆಲಸ ಹೇರಬೇಡಿ. ಮೊದಲು ಹೋದ ವರ್ಷದ ಕಾಮಗಾರಿ ಪಟ್ಟಿ ಒಂದನ್ನೇ ಹಾಕಿ. ಅದರ ಪ್ರಿಂಟ್ ತೆಗೆದು ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೂ ಪಂಚಾಯಿತಿ ಬೋರ್ಡಿನಲ್ಲೂ ಅಂಟಿಸಿ. ಮುಂದಿನ ಜಮಾಬಂದಿಗೆ (ಊರವರ ಎದುರು ಲೆಕ್ಕ ಪರಿಶೀಲಿಸುವ ಸಭೆಗೆ) ಅದೇ ಪಟ್ಟಿ ಹಿಡಿದು ಓದಿ. ಜನ ಕೇಳುವ ಪ್ರಶ್ನೆ ನೋಡಿಕೊಂಡು ಎರಡನೇ ಫೈಲ್ ಯಾವುದು ಅಂತ ತೀರ್ಮಾನ ಮಾಡಿ.